ಕಾಕುವಿಗಾಗಿ ಕಾಕಾ ಮಾಡಿದ ಚಾಕಲೇಟು

ಬೇರೆಯವರ ಮನೆಗೆ ದುಃಖ ಬಂದರೆ ದುಃಖವೊಂದೇ ಬರುತ್ತದೆ. ನಮ್ಮ ಮನೆಗೆ ಬರುವಾಗ ಜೊತೆಗೆ ಏನಾದರೊಂದು ಫಜೀತಿಯನ್ನೂ ಕರೆತರುತ್ತದೆ. ಯುದ್ಧಕಾಲದ ಆ ಬೇಸಿಗೆಯನ್ನೇ ನೋಡಿ. ನಾನು ಕಾಲೇಜಿನ ರಜೆಗೆ ರಾಯಚೂರಿಗೆ ಬಂದಾಗ ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಹಾಸಿಗೆ ಹಿಡಿದಿದ್ದಳು. ಗಂಜಿಯೂ ಇಳಿಯದು. ವೈದ್ಯರು ಕಾಕಾನನ್ನು ಹೊರಗೆ ಕರೆದು, "ಇನ್ನ ಬಾಯಿ ಏನು ಬೇಡ್ತದೋ ಅದನ್ನ ಕೊಡ್ರಿ" ಅಂದುಬಿಟ್ಟರು. ಕಾಕು ಬೇಡಿದ್ದು ಚಾಕಲೇಟು! ಎಂದೋ ಹೈದರಾಬಾದಿನಲ್ಲಿ ಒಂದು ತುಣುಕು ತಿಂದಿದ್ದಳಂತೆ. ಅಂಗಡಿಗಳಲ್ಲಿ ಅದರ ಸುಳಿವೇ ಇಲ್ಲ. ಪಲ್ಟನ್ನಿನಲ್ಲಿದ್ದ ಸಂಬಂಧಿಕನೊಬ್ಬ ಸಿಲೋನಿನಿಂದ ಒಂದು ಚೀಲ ಕೋಕೋ ಬೀಜ ತಂದುಕೊಟ್ಟು, "ಹುರೀರಿ, ಸಿಪ್ಪಿ ತಗೀರಿ, ಅರದು ಸಕ್ರಿ ಹಾಕ್ರಿ, ಮುಗೀತು" ಎಂದು ಹೇಳಿ ಹೋದ. ಶಾಲಾ ಮಾಸ್ತರನಾದ ನಮ್ಮ ಕಾಕಾ ಕಚ್ಚೆ ಬಿಗಿದ.

ರುಬ್ಬುವ ಕಲ್ಲು

ಒಂದಷ್ಟು ಬೀಜ ಶೇಂಗಾದಂತೆ ಹುರಿದೆವು, ರುಬ್ಬಿದೆವು. ತನ್ನ ಎಣ್ಣೆಯಲ್ಲೇ ಅದು ನುಣ್ಣಗೆ ಕರಗುತ್ತ ಬಂತು. ಆದರೆ ನೀರು ಚಿಮುಕಿಸದೆ ಚಟ್ನಿ ಅರೆದ ಮನೆ ನಮ್ಮಲ್ಲಿ ಯಾವುದಿದೆ? ಕಾಕಾ ಒಂದು ಸೌಟು ನೀರು ಸುರಿದ. ಮರುಕ್ಷಣ ಎಲ್ಲ ಗಂಟುಗಟ್ಟಿ ಕಲ್ಲಿಗೆ ಕಚ್ಚಿಕೊಂಡಿತು. ಗುಂಡು ತಿರುಗಲಿಲ್ಲ. ಅದನ್ನು ಹಿಡಿದುಕೊಂಡು ಕಾಕಾನೇ ತಿರುಗಿದ.

ಒಳಗಿನಿಂದ ಕಾಕುವಿನ ಕ್ಷೀಣ ದನಿ: "ಏನು ಮಾಡ್ಲಿಕ್ಕತ್ತೀರಿ?"

"ನಿನಗ ಚಾಕಲೇಟು!"

"ಸಪ್ಪಳ ಕೇಳಿದ್ರ ಗೋಡಿಗೆ ಗಚ್ಚು ಅರದಂಗ ಆಗ್ತದ."

ದೇವದುರ್ಗದ ಎಮ್ಮೆ

ಗಾಣದಲ್ಲಾದರೆ ನುಣ್ಣಗೆ ಅರೆದೀತೆಂದು ಕಾಕಾನ ತರ್ಕ. ಉಳಿದ ಬೀಜದಲ್ಲಿ ಅರ್ಧ ಹುರಿದು, ದೇವದುರ್ಗಕ್ಕೆ ಒಯ್ದು ಅಲ್ಲಿನ ಪರಿಚಯದ ಗಾಣಿಗನ ಕೈಗೆ ಕೊಟ್ಟು, ನಾವಿಬ್ಬರೂ ನೆಂಟರ ಮನೆಗೆ ಊಟಕ್ಕೆ ಹೋದೆವು. ಬಂದು ನೋಡಿದರೆ ಗಾಣಿಗನ ಮುಖ ಅರಳಿತ್ತು.

"ಮಾಸ್ತರ್ರ, ಭಾಳ ಛಲೋ ಕಾಳ್ರೀ! ಎಣ್ಣಿ ಹೆಂಗ ಬಂದದ ನೋಡ್ರಿ!"

"ಉಳದದ್ದೆಲ್ಲಿ?"

"ಉಳದದ್ದೇನ್ರಿ, ಹಿಂಡಿ. ಎಮ್ಮಿಗೆ ಹಾಕೀನಿ."

ಎಮ್ಮೆ ಕಪ್ಪು ಮೂತಿಯನ್ನು ನೆಕ್ಕಿಕೊಳ್ಳುತ್ತಿತ್ತು. ಕಾಕಾ ಅದರ ಬೆನ್ನು ಸವರಿದ. "ಪುಣ್ಯಾ ಮಾಡೀದಿಯವ್ವಾ," ಅಂದ, "ಹೈದರಾಬಾದಿಗೆ ಹೋಗದನ ತಿಂದಿ."

ಚಮಚ

ಕೊನೆಯ ಬೀಜಗಳನ್ನು ನೀರು ಸೋಕಿಸದೆ ಅರೆದೆವು. ರೇಶನ್ನಿನ ಸಕ್ಕರೆ ಇದ್ದದ್ದೇ ಒಂದು ಹಿಡಿ, ಅಷ್ಟನ್ನೂ ಹಾಕಿದೆವು. ತಟ್ಟೆಗೆ ಸುರಿದರೆ ಗಟ್ಟಿಯಾಗಲೊಲ್ಲದು. ವೈಶಾಖದ ರಾಯಚೂರಿನಲ್ಲಿ ಮನುಷ್ಯರೇ ಕರಗುತ್ತಾರೆ, ಚಾಕಲೇಟಿನ ಪಾಡೇನು? ಮಡಿಯಲ್ಲಿ ಅಡುಗೆಯ ರುಚಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಆಮೇಲೂ ಕಾಕಾ ಮುಟ್ಟಲಿಲ್ಲ, ಎಲ್ಲ ಆಕೆಗೇ ಇರಲೆಂದು. ಬಟ್ಟಲಿಗೆ ತುಂಬಿಟ್ಟು, ಲೇಹ್ಯದಂತೆ ದಿನಾ ಒಂದು ಚಮಚ ತಿನ್ನಿಸುತ್ತಿದ್ದ.

"ಹೆಂಗದ?"

"ಭಾಳ ಛಲೋ ಆಗ್ಯದ್ರಿ."

ಕಾಕಾ ಹಿಗ್ಗಿ ಹೊರಗೆ ಹೋದ ಕೂಡಲೇ ನನಗೆ ಕಣ್ಸನ್ನೆ ಮಾಡಿ ಕರೆದಳು: "ನೀರು ಕೊಡಪಾ ಲಗೂನ. ಇದರ ಮುಂದ ಬೇವಿನ ಎಲಿನೂ ಪೇಡೆ! ಅವರ ಮುಂದ ಅನಬ್ಯಾಡ. ಪಾಪ, ಮತ್ತ ಅರೀಲಿಕ್ಕೆ ಕೂಡ್ತಾರ."

ಎಲೆ

ಬಟ್ಟಲು ಖಾಲಿಯಾಗುವ ಮೊದಲೇ ಕಾಕು ಹೋದಳು. ಕಾಕಾ ಅಳಲಿಲ್ಲ. ಆಕೆಯ ಹಾಸಿಗೆ ಸುತ್ತಿಟ್ಟ ಜಾಗ ನೋಡುತ್ತ ಕೂತುಬಿಡುತ್ತಿದ್ದ. ವೈಕುಂಠ ಸಮಾರಾಧನೆಯ ದಿನ ಹೋದವರಿಗೆ ಸೇರುತ್ತಿದ್ದದ್ದನ್ನು ಬಡಿಸುವುದು ರೂಢಿಯಲ್ಲವೇ? "ಆಕಿಗೆ ಇದು ಭಾಳ ಸೇರತಿತ್ತು" ಎಂದು ಎಲ್ಲರ ಎಲೆಗೂ ತಾನೇ ಒಂದೊಂದು ಚಮಚ ಚಾಕಲೇಟು ಹಾಕಿದ. ಸಾಲಿಗೆ ಸಾಲೇ ಕಣ್ಣು ಮುಚ್ಚಿ ನುಂಗಿತು. ಅಂಥ ಊಟದಲ್ಲಿ ಕೊಂಕು ತೆಗೆಯುವಂತಿಲ್ಲ. ಕೊನೆಗೆ ಕಾಕಾ ಕೈಮುಗಿದು, "ತೃಪ್ತಿ ಆತೇನ್ರಿ?" ಎಂದು ಕೇಳಿದ.

ಮೊದಲ ಎಲೆಗೆ ಕೂತಿದ್ದ ಕಾಕುವಿನ ಅಣ್ಣ, ಮಾನ್ವಿಯ ವೈದಿಕರು, ತಂಬಿಗೆ ಬರಿದು ಮಾಡಿ ಅಂದರು: "ಪೂರ್ಣ ತೃಪ್ತಿ. ನಾಳಿನದೂ ಆತು."

ಎಲ್ಲರೂ ಎದ್ದ ಮೇಲೆ ಕಾಕಾ ಊಟಕ್ಕೆ ಕೂತು, ಬಟ್ಟಲು ಬಳಿದು, ಮೊದಲ ಸಲ ಬಾಯಿಗಿಟ್ಟ. ಮುಖ ಕಿವುಚಿದ. ಭುಜ ಕುಲುಕತೊಡಗಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ.

"ಏನಾತು ಕಾಕಾ?"

"ಲೇ, ಜನ್ಮಪೂರ್ತಿ ಸಂತಿಯಿಂದ ನಾ ತಂದ ಒಂದು ಬದನಿಕಾಯಿನೂ ಆಕಿಗೆ ಛಲೋ ಅನಿಸಲಿಲ್ಲ," ಕಣ್ಣೊರೆಸಿಕೊಂಡ, "ಹೋಗಿಹೋಗಿ ಇದನ್ನ ಛಲೋ ಅಂದ್ಲಲ್ಲೋ!"