ಗೋಡೆಗೆ ಕಿವಿಗೊಟ್ಟ ನಾಯಿ

ಶಿವಪುತ್ರನಿಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ. ಇದ್ದದ್ದು ನಾಯಿಗಳ ಹುಚ್ಚು. ಬೊಗಳುವ ನಾಯಿಗಳಲ್ಲ. ಹಳೆಯ ಗ್ರಾಮಫೋನ್ ತಟ್ಟೆಗಳ ನಡುವೆ ಚಿತ್ರವಾಗಿ ಕೂತು, ಕೊಳವೆಗೆ ಕಿವಿಗೊಟ್ಟು ಯಜಮಾನನ ದನಿ ಆಲಿಸುತ್ತದಲ್ಲ, ಆ ಬಿಳಿ ನಾಯಿಯ ಬೊಂಬೆಗಳು. ಪಿಂಗಾಣಿಯದು, ಹಿತ್ತಾಳೆಯದು, ಮೂಗು ಮುರಿದದ್ದು. ಜೋಗುಪಾಳ್ಯದ ಅವನ ಬಾಡಿಗೆ ಕೋಣೆಯಲ್ಲಿ ಅವನಿಗಿಂತ ಅವಕ್ಕೇ ಹೆಚ್ಚು ಜಾಗವಿತ್ತು.

ಎರಡು ಸಾವಿರದ ಒಂದರ ಒಂದು ಭಾನುವಾರ ಬೆಳಿಗ್ಗೆ ಶಿವಾಜಿನಗರದ ಬಷೀರನ ಗುಜರಿ ಅಂಗಡಿಯಲ್ಲಿ ಮೊಣಕಾಲೆತ್ತರದ ನಾಯಿಯೇ ಸಿಕ್ಕಿತು. ಬಷೀರ್ ಚೌಕಾಸಿಗೇ ನಿಲ್ಲಲಿಲ್ಲ. "ಎಷ್ಟಾದ್ರೂ ಕೊಡಿ ಸಾರ್. ವಾಪಸ್ ಮಾತ್ರ ತರ್ಬೇಡಿ," ಎಂದು ತಾನೇ ಹೊತ್ತು ಆಟೋದಲ್ಲಿಟ್ಟ.

ಶಿವಪುತ್ರ ಅದನ್ನು ಬಾಗಿಲ ಕಡೆ ಮುಖ ಮಾಡಿಸಿ ಕೂರಿಸಿ ಸ್ನಾನಕ್ಕೆ ಹೋದ. ಬಂದು ನೋಡಿದರೆ ನಾಯಿ ಗೋಡೆಯತ್ತ ತಿರುಗಿತ್ತು. ಸರಿಮಾಡಿ ಚಹಾಕ್ಕೆ ಇಟ್ಟ. ಹಾಲು ಉಕ್ಕುವಷ್ಟರಲ್ಲಿ ಮತ್ತೆ ಗೋಡೆ. ಆ ಗೋಡೆಯಾಚೆಗಿನ ಕೋಣೆಯಲ್ಲೇ ಮನೆಯೊಡತಿ ಅಮೃತಮ್ಮನ ಗಂಡ ಮುನಿಆಂಜನಪ್ಪ ತೀರಿಕೊಂಡದ್ದು. ಅಂದಿನಿಂದ ಅದಕ್ಕೆ ಬೀಗ.

ಇದನ್ನು ತನ್ನಲ್ಲೇ ಇಟ್ಟುಕೊಳ್ಳದೆ ಎದುರು ಕೋಣೆಯ ಮುತ್ತಣ್ಣನಿಗೆ ಹೇಳಿದ. ಮುತ್ತಣ್ಣನಿಗೆ ಹೇಳುವುದೂ ಒಂದೇ, ಹಲಸೂರು ಮಾರ್ಕೆಟ್ಟಿನಲ್ಲಿ ಡಂಗುರ ಹೊಡೆಸುವುದೂ ಒಂದೇ.

"ಮಗಾ, ಆ ನಾಯಿ ಕೇಳಿಸ್ಕೊಳ್ಳೋದು ಸತ್ತೋದ ಯಜಮಾನನ ವಾಯ್ಸ್ ಅಂತೆ," ಎಂದು ಮುತ್ತಣ್ಣ ದನಿ ತಗ್ಗಿಸಿದ. ತಗ್ಗಿಸಿದ ದನಿ ನೇರ ಅಮೃತಮ್ಮನ ಅಡುಗೆಮನೆ ಮುಟ್ಟಿತು.

ಅಮೃತಮ್ಮ ಸೌಟು ಹಿಡಿದೇ ಬಂದರು. ನಾಯಿ ಕತ್ತು ಓರೆ ಮಾಡಿ ಕೂತಿತ್ತು. ಅದರ ಶ್ರದ್ಧೆ ಕಂಡು ಮೂವರೂ ಉಸಿರು ಬಿಗಿಹಿಡಿದರು. ಗೋಡೆಯಾಚೆಯಿಂದ ಏನೂ ಕೇಳಿಸಲಿಲ್ಲ. ಕೇಳಿಸಿದ್ದರೇ ವಾಸಿಯಿತ್ತು ಅನ್ನಿಸುವಂಥ ಮೌನ.

"ಬದುಕಿದ್ದಾಗ ಆ ಮನುಷ್ಯ ಮಾತಾಡಿದ್ದೇ ಸಾಕಪ್ಪಾ. ಇದನ್ನ ಆಚೆ ಹಾಕು, ಇಲ್ಲಾ ನೀನೇ ರೂಮ್ ಖಾಲಿ ಮಾಡು."

"ಒಯ್ತೀನ್ರೀ ಅಮ್ಮ," ಎಂದ ಯಾದಗಿರಿಯ ಶಿವಪುತ್ರ.

ಗೋಣಿಚೀಲದಲ್ಲಿ ಸುತ್ತಿಕೊಂಡು ಶಿವಾಜಿನಗರಕ್ಕೆ ಹೋದರೆ, ದೂರದಿಂದಲೇ ಅವನನ್ನು ಕಂಡ ಬಷೀರ್ ಒಳಗೆ ನಿಂತೇ ಷಟರ್ ಎಳೆದುಕೊಂಡ. ಕೊನೆಗೆ ಬೈಯಪ್ಪನಹಳ್ಳಿ ಸ್ಟೇಷನ್ನಿನಲ್ಲಿ ಜೋಲಾರಪೇಟೆ ಕಡೆಗೆ ಹೊರಟಿದ್ದ ಪ್ಯಾಸೆಂಜರ್ ಗಾಡಿಯ ಕಿಟಕಿ ಪಕ್ಕ ನಾಯಿಯನ್ನು ಕೂರಿಸಿ ಇಳಿದುಬಿಟ್ಟ. ರೈಲು ಮುಂದೆ ಹೋದಂತೆ ಕಿಟಕಿಯಲ್ಲಿ ಅದರ ಮುಖ ಹಿಂದಕ್ಕೆ, ಜೋಗುಪಾಳ್ಯದತ್ತ ತಿರುಗುತ್ತಾ ಹೋಯಿತು.

ಮುಸ್ಸಂಜೆಗೆ ಮನೆಗೆ ಬಂದಾಗ ಅಮೃತಮ್ಮ ಅವನ ಬಾಗಿಲಲ್ಲೇ ಕೂತಿದ್ದರು. ಕಣ್ಣುಗಳು ಕೆಂಪಾಗಿದ್ದವು.

"ನೀನು ಆಕಡೆ ಹೋದೆ, ಈಕಡೆ ಬೀಗ ಹಾಕಿದ ರೂಮಲ್ಲಿ ಅವರ ಸದ್ದು ಶುರುವಾಯ್ತು. ಏನೋ ಹೇಳ್ತಾರೆ, ನಂಗೆ ಗೊತ್ತಾಗ್ತಿಲ್ಲ. ತೀರಿಹೋದ ದಿನಾನೂ ಏನೋ ಹೇಳೋಕೆ ಬಂದ್ರು. ಕುಕ್ಕರ್ ಕೂಗ್ತಿದೆ, ಆಮೇಲೆ ಅಂದೆ." ಅವನ ಬರಿಗೈ ನೋಡಿದರು. "ನಾಯಿ ಎಲ್ಲಿ?"

"ಜೋಲಾರಪೇಟಿ ಮುಟ್ಟಿರ್ಬೇಕ್ರೀ."

"ಹಂಗಾದ್ರೆ ನೀನೇ ಕೂತ್ಕೊಂಡು ಕೇಳು."

ಮುತ್ತಣ್ಣ ಯಾರೂ ಹೇಳದೆಯೇ ಸ್ಟೂಲು ತಂದಿಟ್ಟ. ಶಿವಪುತ್ರ ಗೋಡೆಗೆ ಕಿವಿಯಿಟ್ಟ ಹಾಗೆ ಮಾಡಿ, "ಆರಾಮ ಇದ್ದೀನಿ ಅಂತಾರ್ರೀ," ಎಂದ.

"ಸುಳ್ಳು ಹೇಳ್ಬೇಡ. ಅವರು ಯಾವತ್ತೂ ಆರಾಮಾಗಿದೀನಿ ಅಂದೋರಲ್ಲ. ಕತ್ತು ಓರೆ ಮಾಡಿ ಸರಿಯಾಗಿ ಕೇಳು."

ಅವನು ಕತ್ತು ಓರೆ ಮಾಡಿದ. ಮೊದಲು ತನ್ನ ಎದೆಬಡಿತವೇ ಕೇಳಿಸಿತು. ಆಮೇಲೆ, ಕಿವಿಯ ಪಕ್ಕದಲ್ಲೇ ಕೂತವರ ಹಾಗೆ, ಒಂದು ಮುದಿ ದನಿ:

"ನಾಯಿ ಹೋಯ್ತಾ? ಹೋಗ್ಲಿ ಬಿಡು. ನೀನು ಮಾತ್ರ ಏಳ್ಬೇಡ. ಹೇಳೋದು ಬೇಕಾದಷ್ಟಿದೆ."

"ಏನಂದ್ರಪ್ಪಾ?" ಅಮೃತಮ್ಮ ಅವನ ಭುಜ ಹಿಡಿದು ಕೇಳಿದರು.

ಶಿವಪುತ್ರ ಏಳಲು ನೋಡಿದ. ಓರೆ ಮಾಡಿದ ಕತ್ತು ಮತ್ತೆ ನೆಟ್ಟಗಾಗಲಿಲ್ಲ.