ಕುರಿ ಹಿಕ್ಕೆಗೆ ಯಾವ ಕೋರ್ಟು?

ಕಾನೂನು ಅರ್ಧ ಗೊತ್ತಿದ್ದವನಿಗೆ ನಿದ್ದೆ ಬರುವುದಿಲ್ಲ. ನನಗೆ ಕಾಲು ಭಾಗ ಮಾತ್ರ ಗೊತ್ತಿದ್ದುದರಿಂದ ಮನೆಯಲ್ಲಿ ಯಾರಿಗೂ ನಿದ್ದೆ ಬರುತ್ತಿರಲಿಲ್ಲ. ಅರವತ್ತರ ದಶಕದಲ್ಲಿ ನಾನು ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ಸೋನ್ಯಾಳದ ಕನ್ನಡ ಶಾಲೆಯ ಮಾಸ್ತರ. ಹೊಲದ ಯಜಮಾನಿಕೆ ಹೆಂಡತಿ ಶಾಂತವ್ವನದು. ಮಳೆಗಾಲಕ್ಕೆ ಮುಂಚೆ ಹೊಲದಲ್ಲಿ ಕುರಿ ತರುಬಿಸಿದರೆ, ಅಂದರೆ ಮಂದೆಯನ್ನು ತಂಗಿಸಿದರೆ, ರಾತ್ರಿಯಿಡೀ ಬೀಳುವ ಹಿಕ್ಕೆಯೇ ಗೊಬ್ಬರ, ಕುರಿಯವರಿಗೆ ಬದಲಿಗೆ ಜೋಳ. ಆ ವರ್ಷ ಶಾಂತವ್ವ ಜೋಳವನ್ನು ಮೊದಲೇ ಕೊಟ್ಟುಬಿಟ್ಟಳು. ಹೊಸ ಕುರಿಯವನು ಬದು ತಪ್ಪಿ, ಮಂದೆಯನ್ನು ಪಕ್ಕದ ಬಸಗೊಂಡನ ಹೊಲದಲ್ಲಿ ತರುಬಿ, ಬೆಳಗಾಗುತ್ತಲೇ ಮುಚ್ಚಂಡಿ ಕಡೆ ನಡೆದುಬಿಟ್ಟ. ಕೇಳಹೋದರೆ ಬಸಗೊಂಡ, "ದೇವರ ಕೊಟ್ಟಾನ್ರಿ ಮಾಸ್ತರ" ಎಂದು ಆಕಾಶಕ್ಕೆ ಕೈಮುಗಿದ.

"ಗೊಬ್ಬರ ಇಲ್ಲದ ಬಿತ್ತಿದರ ಏನ ಬೆಳಿತೈತ್ರಿ? ಮಳಿ ಬರೂದರೊಳಗ ಏನರ ಮಾಡ್ರಿ" ಎಂದಳು ಶಾಂತವ್ವ. ನಾನು ಎಸ್‌ಟಿ ಬಸ್ ಹತ್ತಿ ತಾಲೂಕಿನ ಊರು ಜತ್ತಿಗೆ, ವಕೀಲರ ಹತ್ತಿರ ಹೋದೆ.

"ಹಿಕ್ಕಿ ಚರ ಆಸ್ತಿ ಏನ್ರಿ, ಸ್ಥಿರ ಆಸ್ತಿ?" ಎಂದರು ವಕೀಲರು. ಬಿಡಿಯಾಗಿ ಬಿದ್ದಿದ್ದರೆ ಚರ, ಊರಿನ ನ್ಯಾಯ ಪಂಚಾಯ್ತಿಯೇ ಸಾಕಂತೆ. ಮಣ್ಣಿನಲ್ಲಿ ಬೆರೆತಿದ್ದರೆ ಜಮೀನಿನ ಭಾಗ, ಜತ್ತಿನ ದಿವಾಣಿ ಕೋರ್ಟು. ಬಸಗೊಂಡ ಕದ್ದನೆಂದರೆ ಫೌಜದಾರಿ. ಬದುವೇ ತಕರಾರಿನದಾದರೆ ಮಾಮಲೇದಾರ ಕಚೇರಿ. "ಸೋತರ ಸಾಂಗಲಿ ಐತಿ, ಅದರ ಮ್ಯಾಲ ಮುಂಬಯಿ ಐತಿ. ಕಾಳಜಿ ಬ್ಯಾಡ್ರಿ ಮಾಸ್ತರ." ನಾನೇ ನೋಡದ ಮುಂಬಯಿಯನ್ನು ಸೋನ್ಯಾಳದ ಹಿಕ್ಕೆ ನೋಡಲಿದೆಯೆಂದು ನನಗೆ ಹೆಮ್ಮೆಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಊರಿಗೆ ಬಂದರೆ ನ್ಯಾಯ ಪಂಚಾಯ್ತಿಯ ಹಿರಿಯರು ಹೊಲ ನೋಡಿ, "ಅರ್ಧ ಮಣ್ಣಾಗ ಬೆರತೈತ್ರಿ. ಅದು ನಮ್ಮ ಹದ್ದಿನ್ಯಾಗ ಬರೂದಿಲ್ಲ" ಎಂದರು. ಹಾಗಾದರೆ ಮೇಲಿನ ಅರ್ಧಕ್ಕೆ ಇಲ್ಲಿ, ಕೆಳಗಿನ ಅರ್ಧಕ್ಕೆ ಜತ್ತಿನಲ್ಲಿ ದಾವೆ ಹೂಡುವುದೆಂದು ನಾನು ನಿಶ್ಚಯಿಸಿದೆ. ಅಷ್ಟರಲ್ಲಿ ಮೋಡ ಕಟ್ಟಿತು.

ಬಾವಿಗೆ ಹೋಗಿದ್ದ ಶಾಂತವ್ವ, ಬಸಗೊಂಡನ ಹೆಂಡತಿಯ ಜೊತೆ ಕೂಡಿ ತೀರ್ಪು ಮುಗಿಸಿಯೇ ಬಂದಳು. ಬಿದ್ದ ಹಿಕ್ಕೆ ಅವರಿಗಿರಲಿ, ಬದಲಿಗೆ ಅವರ ತಿಪ್ಪೆಯ ಗೊಬ್ಬರ ನಮ್ಮ ಹೊಲಕ್ಕೆ. ಹೊರುವವರು ಇಬ್ಬರು ಗಂಡಂದಿರು. ಬಸಗೊಂಡ ಸುಮ್ಮನೆ ಕೈಮುಗಿದದ್ದಕ್ಕೆ, ನಾನು ಸುಮ್ಮನೆ ತಿರುಗಿದ್ದಕ್ಕೆ ಅದೇ ದಂಡ.

"ಇದರ ಮ್ಯಾಲ ಅಪೀಲು ಎಲ್ಲಿ?" ಎಂದು ಕೇಳಿದೆ.

"ಅದೂ ನಮ್ಮ ಕಡೇನ. ಮೊದಲ ಬುಟ್ಟಿ ಹೊರ್ರಿ, ಮಳಿ ಬಂತು."

ಬಸಗೊಂಡ ಆಗಲೇ ಬುಟ್ಟಿ ಹೊತ್ತು ನಿಂತಿದ್ದ. ನಾನು ಟವೆಲ್ಲನ್ನು ಸಿಂಬಿ ಸುತ್ತಿಕೊಂಡೆ. ತೀರ್ಪು ಕೊಟ್ಟವಳೇ ಜಾರಿಯನ್ನೂ ಮಾಡಿ ನನ್ನ ತಲೆಗೆ ಬುಟ್ಟಿ ಏರಿಸಿದಳು. ಇಡೀ ವ್ಯಾಜ್ಯದಲ್ಲಿ ನನ್ನ ಹದ್ದಿಗೆ ಸೇರಿದ್ದು ಆ ಬುಟ್ಟಿಯ ಕೆಳಗಿದ್ದ ಕತ್ತು ಒಂದೇ.