ಎಲಿ ಹೋತು, ಗೆರಿ ಉಳೀತು

ರೋಣ ತಾಲೂಕಿನ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವನು ಅವಮಾನ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಮನೆಬಾಗಿಲಿಗೆ ಬರುತ್ತದೆ. ನಾನು ಕಲಿಸುವುದು ಇಷ್ಟೇ: ಎಲೆಯದೋ ಹೊಳೆಯದೋ ಫೋಟೋದ ಮೇಲೆ ತೆಳು ಹಾಳೆ ಇಟ್ಟು ಗೆರೆ ಇಳಿಸಿಕೊಳ್ಳಬೇಕು. ಆಮೇಲೆ ಆ ಗೆರೆಗಳನ್ನು ಒಡೆದು, ತಿರುಗಿಸಿ, ಲಯ, ಸಮತೋಲ ನೋಡಿ ಜೋಡಿಸಬೇಕು. ಅದು ಅಮೂರ್ತ ಚಿತ್ರ. ಎಲೆ ಹೋಗಬೇಕು, ಅದರ ಜೀವ ಉಳಿಯಬೇಕು. ಇಷ್ಟು ವರ್ಷ ಹೇಳಿದರೂ ಉಳಿದಿರುವುದು ನನ್ನ ಜೀವ ಒಂದೇ, ಅದೂ ಅರ್ಧ.

ಆಡಿನ ಅಭಿಪ್ರಾಯ

ಹುಡುಗಿಯೊಬ್ಬಳ ಅಪ್ಪ ಅವಳ ಬೇವಿನೆಲೆಯ ಚಿತ್ರ ಹಿಡಿದು ಶಾಲೆಗೇ ಬಂದ. ಹಾಳೆ ತುಂಬ ಓಡುವ ಗೆರೆಗಳು. ನನಗೆ ಭಾಳ ಹಿಡಿಸಿದ್ದ ಚಿತ್ರ.

"ಏನ್ ಮಾಡೀರಿ ಸರ ನನ್ನ ಮಗಳಿಗೆ?"

"ಎಲಿ ತಗದಾಳಲ್ರಿ. ನೋಡೂ ಕಣ್ಣು ಬೇಕು."

"ಹೋದ ವರ್ಷ ಆಕಿ ಎಲಿ ತಗದಿದ್ಲು, ನಮ್ಮ ಆಡು ಬಂದು ಹಾಳೀನ ತಿಂದಬಿಟ್ಟಿತ್ತು. ಇದನ್ನ ಮುಂದ ಹಿಡದ್ರ ಮೂಸೂದೂ ಇಲ್ರಿ."

ಕೇಂದ್ರಬಿಂದು

ಹೊಳೆಆಲೂರಿನ ಹುಡುಗನೊಬ್ಬ ಅಪ್ಪನ ಮೊಬೈಲಿನಲ್ಲಿ ಮಲಪ್ರಭೆಯ ಫೋಟೋ ತೆರೆದು, ಪರದೆಯ ಮೇಲೆ ಹಾಳೆ ಹಾಸಿ ಗೆರೆ ಇಳಿಸಿಕೊಂಡು ಬಂದಿದ್ದ. ಹೊಳೆಯ ಸುರುಳಿಗಳ ಕೆಳಗೆ ಎರಡು ಪುಟ್ಟ ವೃತ್ತ. ಒಂದು ಹಸಿರು, ಒಂದು ಕೆಂಪು. ನಾನು ಕುಣಿಯುವುದೊಂದು ಬಾಕಿ. ಚಿತ್ರ ಎತ್ತಿ ಹಿಡಿದು ಇಡೀ ವರ್ಗಕ್ಕೆ ಭಾಷಣ ಮಾಡಿದೆ.

"ಕೇಂದ್ರಬಿಂದು ಅಂದ್ರ ಇದು! ಹಸರು ಅಂದ್ರ ಹೊಳಿ ಕೊಡೂ ಬೆಳಿ, ಕೆಂಪು ಅಂದ್ರ ಅದು ತರೂ ಮಹಾಪೂರ. ಹೌದಲ್ಲೋ?"

ಹುಡುಗ ತಲೆ ಕೆರೆದುಕೊಂಡ. "ಅಲ್ರಿ ಸರ. ನಡುವ ನಮ್ಮ ಮಾಮಾನ ಫೋನ್ ಬಂತ್ರಿ. ಹಸರು ಎತ್ತೂದು, ಕೆಂಪು ಕಟ್ ಮಾಡೂದು."

ಸೆರಗಿನ ವಿನ್ಯಾಸ

ಯಾರಿಗೂ ತಿಳಿಯದಿದ್ದರೂ ನೇಕಾರನಿಗೆ ತಿಳಿದೀತೆಂದು, ಗಜೇಂದ್ರಗಡದಲ್ಲಿ ಸೀರೆ ನೇಯುವ ಗೆಳೆಯನ ಮನೆಗೆ ಹೋದೆ. ಜೋಳದ ತೆನೆಯಿಂದ ಹುಟ್ಟಿದ ವಿನ್ಯಾಸ ತೋರಿಸಿದೆ. ಒಂದೇ ಆಕಾರ ಮತ್ತೆ ಮತ್ತೆ ಬಂದು ಸಣ್ಣದಾಗುತ್ತ ಹೋಗುತ್ತದೆ. ಅವನು ಮಗ್ಗ ನಿಲ್ಲಿಸಿ ಬಹಳ ಹೊತ್ತು ನೋಡಿದ.

"ಚಲೋ ಐತಿ. ಸೆರಗಿಗೆ ಹಾಕೋಣು. ಒಂದ ನವಿಲ ಕೂಡಸು."

"ಇದು ಅಮೂರ್ತ ಐತಪಾ. ನವಿಲು ಬರಂಗಿಲ್ಲ."

"ಆತ ಬಿಡು," ಅಂದ. "ಅಮೂರ್ತ ನವಿಲನ್ನ ಕೂಡಸು."

ಸಮತೋಲ

ಈ ವರ್ಷ ಆಡಳಿತ ಮಂಡಳಿಯವರು ಚಿತ್ರಕಲೆಯ ಪೀರಿಯಡ್ಡನ್ನೇ ಗಣಿತಕ್ಕೆ ಕೊಡುವ ಮಾತು ತೆಗೆದರು. ಕೊನೆಯ ಆಸೆಯೆಂದು ಮಕ್ಕಳ ಚಿತ್ರಗಳನ್ನೆಲ್ಲ ಗೋಡೆಗೆ ಹಚ್ಚಿ ಮಂಡಳಿಯವರನ್ನು ಕರೆದೆ. ಅಧ್ಯಕ್ಷರು ಹಳೆಯ ಜಮೀನುದಾರರ ಮನೆತನದವರು. ಎಲ್ಲ ಚಿತ್ರ ದಾಟಿ ಬಂದು ಒಂದರ ಮುಂದೆ ನಿಂತರು. ಬಿರುಕು ಬಿಟ್ಟ ಎರೆಹೊಲದ ಫೋಟೋದಿಂದ ಮಾಡಿದ್ದು. ಎಡಕ್ಕೆ ಒಂದು ದೊಡ್ಡ ತುಂಡು, ಬಲಕ್ಕೆ ಒಂದು ಸಣ್ಣದು.

"ಇದ್ಯಾಕ ಹಿಂಗ ಸೊಟ್ಟ ಐತಿ?"

ಸಿಕ್ಕಿತು ಅವಕಾಶ ಎಂದು ಉಸಿರು ಹಿಡಿದು ಹೇಳಿದೆ. "ಸೊಟ್ಟ ಅಲ್ರಿ, ಸಮತೋಲರಿ. ಒಂದ ದೊಡ್ಡದು, ಒಂದ ಸಣ್ಣದು ಕಾಣ್ತೈತಿ. ಆದ್ರ ತೂಕಾ ಎರಡೂದೂ ಸಮಾನರಿ. ಹೆಚ್ಚು ಕಡಿಮಿ ಅನ್ನೂದು ಬರೇ ಕಣ್ಣಿನ ಭ್ರಮಾ."

ಅವರ ಮುಖ ಕಪ್ಪಿಟ್ಟಿತು. ಹೆಡ್ಮಾಸ್ತರರ ಕಡೆ ತಿರುಗಿ, "ಲಗೂನ ಈ ಪೀರಿಯಡ್ಡು ಗಣಿತಕ್ಕ ಕೊಡ್ರಿ" ಅಂದರು.

ನನ್ನ ಕಣ್ಣಲ್ಲಿ ನೀರು ಬಂತು. "ಯಾಕ್ರಿ? ನಾ ಹೇಳಿದ್ದರಾಗ ತಪ್ಪೇನೈತ್ರಿ?"

"ಹೊಲಾ ಹಂಚೂ ದಿನ ನಮ್ಮಣ್ಣ ಇದನ್ನ ಹೇಳಿದ್ದ," ಅಂದರು. "ಅವತ್ತ ನನಗ ಗಣಿತ ಬರ್ತಿರಲಿಲ್ಲ."